ಹಗ್ಗದ ಕಡೆಯಲ್ಲೊಂದು ಸ್ಟೂಲು

ನಾನು ಮೂರು ಕಾಲಿನ ಒಂದು ಸ್ಟೂಲು. ಮಡಿಚಿದರೆ ಕಂಕುಳಲ್ಲಿ ಅಡಗುತ್ತೇನೆ, ಬಿಡಿಸಿದರೆ ಒಬ್ಬರನ್ನು ಹೊರುತ್ತೇನೆ. ನನ್ನ ಕಥೆ ಕೇಳಲು ನಿಮಗೆ ಪುರುಸೊತ್ತಿಲ್ಲದಿದ್ದರೆ ಎದ್ದು ಹೋಗಿ, ಬೇಸರವಿಲ್ಲ. ಎದ್ದು ಹೋಗುವವರನ್ನು ನನ್ನಷ್ಟು ಕಂಡವರು ಯಾರಿದ್ದಾರೆ ಹೇಳಿ?

ಬ್ರಹ್ಮಾವರ ಪೇಟೆಯ ಹಿಂದಿನ ಓಣಿಯಲ್ಲಿ ಪಾಂಡು ಆಚಾರಿಯವರ ಮರದ ಕೊಟ್ಟಿಗೆ ಇತ್ತು. ನಾನು ಹುಟ್ಟಿದ್ದು ಅಲ್ಲಿ. ಯಾರದೋ ಮನೆಯ ಬಾಗಿಲಿಗೆಂದು ಬಂದ ಹಲಸಿನ ಮರದಲ್ಲಿ ಉಳಿದ ತುಂಡುಗಳಿಂದ ಆಚಾರಿಯವರು ನನ್ನ ಮೂರು ಕಾಲು ಕಡೆದರು. ನಡುವಿಗೆ ಕಬ್ಬಿಣದ ಬೋಲ್ಟು ಹಾಕಿ ಮೂರನ್ನೂ ಕೂಡಿಸಿದರು. ಮೇಲೆ ದಪ್ಪ ಟಾರ್ಪಾಲಿನ ಒಂದು ತ್ರಿಕೋನ ಹೊದಿಸಿ, ಮೂಲೆಗಳಿಗೆ ಚರ್ಮ ಹೊಲಿದರು. ಎಲ್ಲ ಮುಗಿದ ಮೇಲೆ ತಾವೇ ಧಡಕ್ಕನೆ ಕೂತು ನೋಡಿದರು. ಅಬ್ಬಬ್ಬಾ! ಹುಟ್ಟಿದ ದಿನವೇ ಜೀವ ಬಾಯಿಗೆ ಬಂತು. ಅವರು ಮಾತ್ರ ಅತ್ತಿತ್ತ ಅಲುಗಾಡಿ, "ತಡೀತ್ತ್, ತಡೀತ್ತ್" ಎಂದು ನಕ್ಕರು.

ನೀವು ಜನರನ್ನು ಮುಖ ನೋಡಿ ಗುರುತಿಸುತ್ತೀರಿ. ನನಗೆ ಆ ಭಾಗ್ಯವಿಲ್ಲ. ಕೂರುವ ಮೊದಲು ಅರೆಗಳಿಗೆ ಮುಖ ಕಾಣುತ್ತದೆ, ಆಮೇಲೆ ಬರೀ ಭಾರ. ಆದರೆ ಭಾರವೂ ಮಾತಾಡುತ್ತದೆ. ಸಿಟ್ಟಿನಲ್ಲಿರುವವರು ಅಂಚಿನಲ್ಲಿ ಕೂರುತ್ತಾರೆ. ನೆಮ್ಮದಿಯಲ್ಲಿರುವವರು ನಡುವಿಗೆ ಜಾರುತ್ತಾರೆ. ಸುಳ್ಳು ಹೇಳುವವರು ಒಂದು ಕಡೆಗೆ ವಾಲುತ್ತಾರೆ. ಇದನ್ನು ನನಗೆ ಯಾರೂ ಕಲಿಸಲಿಲ್ಲ, ಹೊತ್ತು ಹೊತ್ತು ತಿಳಿಯಿತು.

ನನ್ನನ್ನು ಮೊದಲು ಒಯ್ದವರು ಕೊಡೆ ರಿಪೇರಿಯ ಹಸನಬ್ಬ. ಮಳೆಗಾಲ ಬಂತೆಂದರೆ ಬಸ್ ಸ್ಟ್ಯಾಂಡಿನ ಜಗಲಿಯಲ್ಲಿ ನಮ್ಮದೇ ದರಬಾರು. ಮುರಿದ ಕಡ್ಡಿ, ಹರಿದ ಬಟ್ಟೆ, ಕಳಚಿದ ಹಿಡಿಕೆಗಳ ನಡುವೆ ಅವರು ನನ್ನ ಮೇಲೆ ಕೂತು ಇಡೀ ಊರಿನ ತಲೆ ಕಾಯುತ್ತಿದ್ದರು. ಹಗುರ ಮೈ, ಹಗುರ ಮಾತು. ಗಿರಾಕಿ ಹೆಂಗಸರಾದರೆ, ಮುದುಕರಾದರೆ ಎದ್ದು ನನ್ನನ್ನು ಅವರಿಗೆ ಬಿಟ್ಟುಕೊಟ್ಟು ತಾವು ಕುಕ್ಕರುಗಾಲಲ್ಲಿ ಕೂರುವರು.

ಹಾಗೆ ಒಂದು ದಿನ ನನ್ನ ಮೇಲೆ ಕೂತವರು ವಾರಿಜಾ ಟೀಚರ್. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಕೊಡೆ ರಿಪೇರಿಯಾಗುವ ತನಕ ಸುಮ್ಮನಿರಲಾರದೆ ಚೀಲದಿಂದ ಹಾಳೆ ತೆಗೆದು ಹಸನಬ್ಬನವರನ್ನೇ ಬರೆದುಬಿಟ್ಟರು. ಹಸನಬ್ಬ ಚಿತ್ರ ನೋಡಿ ಹಿರಿಹಿರಿ ಹಿಗ್ಗಿದರು. "ಟೀಚರೇ, ಇದ್ ನಂಗ್ ಕೊಡಿ. ಬದ್ಲಿಗೆ ನೀವ್ ಕೂತದ್ದನ್ನ ತಕಂಡ್ ಹೋಯ್ನಿ" ಎಂದರು. ನಾನು ಹೀಗೆ ಒಂದು ಚಿತ್ರದ ಬದಲಿಗೆ ಕೈ ದಾಟಿದೆ. ಆಗ ಸ್ವಲ್ಪ ಜಂಬವೂ ಬಂತು, ಯಾಕೆ ಸುಳ್ಳು ಹೇಳಲಿ.

ವಾರಿಜಾ ಟೀಚರ್‌ಗೆ ಒಂದು ಹುಚ್ಚು. ಬಿಡುವಾದಾಗೆಲ್ಲ ಬೆಳಗಿನ ಬಸ್ಸು ಹಿಡಿದು ಯಾವುದಾದರೂ ಹಳೆಯ ಜಾಗಕ್ಕೆ ಹೋಗುವುದು, ದಿನವಿಡೀ ಚಿತ್ರ ಬರೆಯುವುದು, ಸಂಜೆಯ ಬಸ್ಸಿಗೆ ಮರಳುವುದು. ನಾನು ಅವರ ಕಂಕುಳಲ್ಲಿ. ಬಾರಕೂರಿನ ಕಲ್ಲುಗಳ ನಡುವೆ, ಬಸ್ರೂರಿನ ಕೆರೆ ದಂಡೆಯಲ್ಲಿ ನಾವು ಎಷ್ಟು ಮಧ್ಯಾಹ್ನಗಳನ್ನು ಕಳೆದೆವೋ. ಚಿತ್ರ ಬರೆಯುವಾಗ ಅವರ ಭಾರವೇ ಕಡಿಮೆಯಾಗುತ್ತಿತ್ತು. ಅರ್ಧ ಜೀವ ಎದುರಿನ ಗೋಡೆಯ ಮೇಲೋ ನೀರಿನ ಮೇಲೋ ಹೋಗಿ ಕೂತಿರುತ್ತಿತ್ತು, ಅರ್ಧ ಮಾತ್ರ ನನ್ನ ಮೇಲೆ. ನನಗೂ ಮಂಪರು. ಕಾಗದದ ಮೇಲೆ ಪೆನ್ನು ಸರಸರ ಎನ್ನುವುದನ್ನು ಕೇಳುತ್ತ ತೂಕಡಿಸುವುದು ಎಂಥ ಸುಖ ಅಂತೀರಿ!

ಅವರಿಗೆ ಒಂದು ಅಭ್ಯಾಸವಿತ್ತು. ಇದ್ದದ್ದನ್ನು ಇದ್ದಲ್ಲೇ ಬಿಡುತ್ತಿರಲಿಲ್ಲ. ಚಿತ್ರಕ್ಕೆ ಚೆಂದ ಕಾಣದ ಕರೆಂಟು ಕಂಬಗಳನ್ನು ಕಿತ್ತು ಹಾಕುವರು. ಒಮ್ಮೆ ಒಂದು ತೆಂಗಿನ ಮರವನ್ನು ಹೊಳೆ ದಾಟಿಸಿ ಆಚೆ ದಡದಲ್ಲಿ ನೆಟ್ಟರು. ಮರ ದೂರು ಕೊಡಲಿಲ್ಲ, ಕಂಬವೂ ಕೊಡಲಿಲ್ಲ. ಹಾಗಾಗಿ ಇದರಲ್ಲಿ ತಪ್ಪೇನಾದರೂ ಇದೆ ಎಂದು ಟೀಚರ್‌ಗೂ ನನಗೂ ಅನ್ನಿಸಿರಲಿಲ್ಲ.

ಒಂದು ಭಾನುವಾರ ನಾವು ಕಡವಿನಕೋಡಿ ಬಂದರಿಗೆ ಹೋದೆವು.

ಹೊಳೆ ಸಮುದ್ರ ಸೇರುವ ಜಾಗ ಅದು. ಹಿಂದೊಂದು ಕಾಲಕ್ಕೆ ಹಾಯಿಹಡಗುಗಳು ಬಂದು ಅಕ್ಕಿ, ಹಂಚು, ಬೆಲ್ಲ ತುಂಬಿಕೊಂಡು ಹೋಗುತ್ತಿದ್ದವಂತೆ. ಈಗ ಆ ಕಾಲದ್ದೆಂದು ಉಳಿದದ್ದು ಹಡಗು ನಿಲ್ಲಲು ಕಟ್ಟಿದ ಮುರಕಲ್ಲಿನ ಧಕ್ಕೆ, ಮಾಡು ಕುಸಿದ ಸುಂಕದ ಕಟ್ಟೆ, ಹಡಗಿನ ಹಗ್ಗ ಕಟ್ಟಲು ನೆಟ್ಟಿದ್ದ ಗಿಡ್ಡ ಕಬ್ಬಿಣದ ಗೂಟಗಳು. ಧಕ್ಕೆಯ ಒಳಗೆ ಬಣ್ಣಬಣ್ಣದ ಮೀನುಬೋಟುಗಳು ಒಂದಕ್ಕೊಂದು ಮೈ ತಾಗಿಸಿಕೊಂಡು ನಿಂತಿದ್ದವು. ಧಕ್ಕೆಯ ಆಚೆಗೆ ಉದ್ದಕ್ಕೆ ಮರಳು.

ಬೆಳಗಿನ ಹೊತ್ತು. ಮಂಜು ಇನ್ನೂ ನೀರು ಬಿಟ್ಟು ಎದ್ದಿರಲಿಲ್ಲ. ಬೋಟುಗಳಿಗೆ ಕೆಳಭಾಗವೇ ಇರಲಿಲ್ಲ, ಬಣ್ಣಗಳಷ್ಟೇ ಗಾಳಿಯಲ್ಲಿ ತೇಲುತ್ತಿದ್ದವು. ಎಲ್ಲೋ ಒಂದು ಎಂಜಿನ್ ಕೆಮ್ಮಿ ಸುಮ್ಮನಾಯಿತು. ಮಂಜುಗಡ್ಡೆ ಕುಟ್ಟುವ ಸದ್ದು, ಹೆಂಗಸರ ಮಾತು, ಕಾಗೆಗಳ ಗಲಾಟೆ, ಎಲ್ಲವೂ ದೂರದಿಂದ ನಿದ್ದೆಯೊಳಗೆ ಕೇಳಿದ ಹಾಗೆ ಕೇಳುತ್ತಿತ್ತು. ಟೀಚರ್ ಸುಂಕದ ಕಟ್ಟೆ ಬರೆದರು, ಬೋಟು ಬರೆದರು. ಆಮೇಲೆ ನನ್ನನ್ನು ಎತ್ತಿಕೊಂಡು ಮರಳಿಗೆ ಬಂದರು.

ಅಲ್ಲಿ ಕೈರಂಪಣಿ ಎಳೆಯುತ್ತಿದ್ದರು. ಹೇಳಿಬಿಡುತ್ತೇನೆ, ಗೊತ್ತಿಲ್ಲದವರಿಗೆ. ದೋಣಿಯಲ್ಲಿ ಹೋಗಿ ಸಮುದ್ರದಲ್ಲಿ ಅರ್ಧಚಂದ್ರದ ಆಕಾರಕ್ಕೆ ಬಲೆ ಬಿಟ್ಟು ಬರುತ್ತಾರೆ. ಬಲೆಯ ಎರಡು ತುದಿಯ ಹಗ್ಗಗಳು ದಡದಲ್ಲಿ. ಎರಡಕ್ಕೂ ಜನ ಸಾಲಾಗಿ ನಿಂತು ಹಿಂದೆ ಹಿಂದೆ ನಡೆಯುತ್ತ ಎಳೆಯುತ್ತಾರೆ. ಬಂದ ಮೀನಿನಲ್ಲಿ ದೋಣಿಗೊಂದು ಪಾಲು, ಬಲೆಗೊಂದು ಪಾಲು, ಹಗ್ಗ ಹಿಡಿದ ಪ್ರತಿಯೊಬ್ಬರಿಗೂ ಒಂದೊಂದು ಪಾಲು. ಹಿಡಿದವರಿಗೆ ಉಂಟು, ಹಿಡಿಯದವರಿಗೆ ಇಲ್ಲ. ಅಲ್ಲಿ ಬೇರೆ ಶಾಸ್ತ್ರವಿಲ್ಲ.

ಟೀಚರ್ ಆ ಸಾಲನ್ನು ಬರೆಯತೊಡಗಿದರು. ನಮ್ಮ ಪಕ್ಕದಲ್ಲೇ ಒಂದು ಕಬ್ಬಿಣದ ಗೂಟದ ಮೇಲೆ ವಯಸ್ಸಾದ ಹೆಂಗಸೊಬ್ಬರು ಕೂತಿದ್ದರು. ಹೆಸರು ಮುತ್ತಕ್ಕ. ಕಾಲು ನೀಡಿಕೊಂಡು, ಕೈ ಮಡಿಲಲ್ಲಿಟ್ಟುಕೊಂಡು ಹಗ್ಗವನ್ನೇ ನೋಡುತ್ತಿದ್ದರು. ಸಾಲು ಹಿಂದಕ್ಕೆ ಒಂದು ಹೆಜ್ಜೆ ಇಟ್ಟಾಗೆಲ್ಲ ಮಡಿಲಲ್ಲಿದ್ದ ಅವರ ಬೆರಳುಗಳು ಬಿಗಿಯಾಗುತ್ತಿದ್ದವು. ನಾನು ಅಷ್ಟು ಕೆಳಗಿದ್ದುದರಿಂದ ನನಗದು ಚೆನ್ನಾಗಿ ಕಂಡಿತು.

ಸೊಸೆ ಜಲಜಾ ಬುಟ್ಟಿ ಹೊತ್ತು ಬಂದವಳು ಟೀಚರ್ ಹತ್ತಿರ ಮಾತಿಗೆ ನಿಂತಳು. ಅವಳಿಂದಲೇ ವಿಷಯ ತಿಳಿದದ್ದು. ಮುತ್ತಕ್ಕ ಮದುವೆಯಾಗಿ ಬಂದಂದಿನಿಂದ ಈ ಹಗ್ಗ ಹಿಡಿದವರು. ಗಂಡ ಹೋದ ಮೇಲೂ ಬಿಟ್ಟಿರಲಿಲ್ಲ. ಹೋದ ವರ್ಷ ಮಂಡಿ ಕೈಕೊಟ್ಟಿತು. ನಿಂತರೆ ಎರಡು ಹೆಜ್ಜೆಗೆ ಬೀಳುವರು, ಮರಳಿನಲ್ಲಿ ಕೂತರೆ ಏಳಲಾರರು. ಆ ಮೇಲೆ ಪಾಲು ನಿಂತಿತು.

"ಪಾಲ್ ಇಲ್ದಿರೂ ಶೀನ ತಾಂಡೇಲ್ರ್ ಮೀನ್ ಮನಿಗ್ ಕಳ್ಸ್ತ್ರ್. ಇವ್ರ್ ಮುಟ್ಟೂದಿಲ್ಲೆ. ನಾವ್ ತಿಂಬುದ್, ಇವ್ರ್ ಬರೀ ಗಂಜಿ ಉಂಬುದ್. ಎಂತ ಹೇಳುದ್ ನೀವೇ ಹೇಳಿ" ಎಂದಳು ಜಲಜಾ. ತಾಂಡೇಲರೆಂದರೆ ಬಲೆಯ ಗುಂಪಿನ ಯಜಮಾನರು.

ಮುತ್ತಕ್ಕ ತಿರುಗಿಯೂ ನೋಡದೆ ಹೇಳಿದರು: "ದರ್ಮದ್ ಮೀನ್ ನನ್ ಗಂಟ್ಲಗ್ ಇಳೂದಿಲ್ಲೆ."

ಬಿಸಿಲು ಏರಿತು. ಬಲೆ ದಡಕ್ಕೆ ಬಂತು, ಪಾಲಾಯಿತು, ಜನ ಊಟಕ್ಕೆ ಚದುರಿದರು. ಸಮುದ್ರ ಬೆಳ್ಳಗೆ ಹೊಳೆಯುತ್ತ ಮಲಗಿತು. ಟೀಚರ್ ಕೊಡೆಯ ನೆರಳಿನಲ್ಲಿ ನನ್ನ ಮೇಲೆ ಕೂತೇ ತೂಕಡಿಸಿದರು, ನಾನೂ ತೂಕಡಿಸಿದೆ. ನಿದ್ದೆಯಲ್ಲಿ ಹಾಯಿಹಡಗುಗಳು ಮತ್ತೆ ಬಂದವು. ಸುಂಕದ ಕಟ್ಟೆಗೆ ಮಾಡು ಬಂತು. ಗೂಟಗಳಿಗೆಲ್ಲ ಹಗ್ಗ ಬಂತು. ಯಾರೋ ಹಗ್ಗ ಎಳೆಯುತ್ತಿದ್ದರು, ಹಡಗು ಬರುತ್ತಲೇ ಇತ್ತು, ದಡ ಮಾತ್ರ ಮುಟ್ಟುತ್ತಿರಲಿಲ್ಲ. ಎಚ್ಚರಾದದ್ದು ಮುತ್ತಕ್ಕನ ದನಿಗೆ.

ಅವರು ಗೂಟದಿಂದ ಮುಂದಕ್ಕೆ ಬಾಗಿ ಟೀಚರ್ ಮಡಿಲಿನ ಚಿತ್ರವನ್ನು ನೋಡುತ್ತಿದ್ದರು.

"ಹ್ವಾಯ್ ಟೀಚರೇ, ಇದ್ ಯಾರ್, ಹಗ್ಗದ್ ಕಡಿಗ್ ನಿಂತದ್ದ್?"

ಟೀಚರ್ ಕಣ್ಣುಜ್ಜಿಕೊಂಡು ನಕ್ಕರು. "ನೀವೇ. ಗೊತ್ತಾಗಲಿಲ್ವಾ?"

"ನಾನ್ ಇಲ್ಲ್ ಕೂಕಂಡಿದ್ದೆ ಅಲ್ದಾ?"

"ಹೌದು ಮುತ್ತಕ್ಕ. ಚಿತ್ರದಲ್ಲಿ ಆ ಕೊನೆ ಖಾಲಿ ಕಾಣ್ತಿತ್ತು. ಅಲ್ಲಿ ಒಬ್ಬರು ಬೇಕಿತ್ತು, ನಿಮ್ಮನ್ನು ನಿಲ್ಲಿಸಿದೆ."

"ನಿಮ್ಗ್ ಬೇಕಿತ್ತ್. ಅವ್ರಿಗ್ ಬ್ಯಾಡ್ದೇ ಆಯ್ತಲೆ" ಎಂದರು ಮುತ್ತಕ್ಕ. ಚಿತ್ರದ ಮೇಲೆ ಬೆರಳಿಟ್ಟು, "ಅಳ್ಸಿ ಅದನ್ನ್" ಎಂದರು.

ನನ್ನ ಮೇಲೆ ಟೀಚರ್ ಭಾರ ಒಮ್ಮೆಲೇ ಅಂಚಿಗೆ ಸರಿಯಿತು. ಇಷ್ಟು ವರ್ಷ ಕಂಬ ಕಿತ್ತವರು, ಮರ ನೆಟ್ಟವರು. ಯಾರೂ ಎದುರು ಬಂದು 'ನನ್ನನ್ನು ಯಾಕೆ ಸರಿಸಿದೆ' ಎಂದು ಅವರನ್ನು ಕೇಳಿರಲಿಲ್ಲ.

"ಶಾಯಿಯಲ್ಲಿ ಬರೆದದ್ದು. ಅಳಿಸೋಕಾಗೋದಿಲ್ಲ ಮುತ್ತಕ್ಕ. ನಿಮಗೆ ಬೇಸರವಾದರೆ ಹರಿದು ಹಾಕ್ತೇನೆ."

"ಹರೂದ್ ಬ್ಯಾಡ. ಹರ್ದ್ರೆ ಉಳ್ದವ್ರೂ ಹೋತ್ರ್, ಅವ್ರ್ ಎಳ್ದದ್ದ್ ಕರೆ ಅಲ್ದಾ? ನಾನೊಬ್ಳೇ ಸುಳ್ಳ್." ಮುತ್ತಕ್ಕ ಖಾಲಿ ಅಂಗೈ ಬಿಡಿಸಿ ತೋರಿಸಿದರು. "ಹಗ್ಗ ಮುಟ್ಟದೆ ಹಗ್ಗದ್ ಮೇಲ್ ಇಪ್ಪುದಂದ್ರೆ ನಂಗ್ ನಾಚ್ಕಿ ಆತ್ತ್, ಟೀಚರೇ. ನಂಗ್ ನಾಚ್ಕಿ ಆತ್ತ್."

ಅಷ್ಟರಲ್ಲಿ ಸಂಜೆಯ ಬಲೆಗೆ ದೋಣಿ ಹೊರಟಿತು, ಜನ ಮತ್ತೆ ಸೇರತೊಡಗಿದರು. ಹಗ್ಗದ ತುದಿ ಮರಳಲ್ಲಿ ನಮ್ಮ ಹತ್ತಿರಕ್ಕೇ ಬಂದು ಬಿತ್ತು. ಸಾಲು ಹಿಂದೆ ಸರಿದಂತೆಲ್ಲ ಒದ್ದೆ ಹಗ್ಗ ಕಡೆಯಲ್ಲಿ ಗೊಂಚಲಾಗಿ ಬಿದ್ದು ಒಂದಕ್ಕೊಂದು ಸುತ್ತಿಕೊಳ್ಳುತ್ತಿತ್ತು. ಅದನ್ನು ಬಿಡಿಸಲು ಎಳೆಯುವವರೇ ಬಿಟ್ಟು ಓಡಿ ಬರಬೇಕಿತ್ತು. ಬೆಳಿಗ್ಗೆಯೂ ಹಾಗೇ ಆಗಿತ್ತು, ಬೈಗುಳವೂ ಆಗಿತ್ತು.

ಮುತ್ತಕ್ಕ ಆ ಗೊಂಚಲನ್ನು ನೋಡಿದರು. ಟೀಚರ್ ಮುತ್ತಕ್ಕನನ್ನು ನೋಡಿದರು. ಆಮೇಲೆ ಟೀಚರ್ ಎದ್ದರು, ನನ್ನನ್ನು ಎತ್ತಿದರು, ನೆಟ್ಟಗೆ ಹಗ್ಗದ ಕಡೆಗೆ ನಡೆದು ಅಲ್ಲಿ ಬಿಡಿಸಿಟ್ಟರು. ಮೂರು ಕಾಲಿನವರಿಗೆ ಮರಳು ಹೆದರಿಕೆಯಲ್ಲ. ನಾಲ್ಕು ಕಾಲಿನ ಕುರ್ಚಿಗಳು ಬಂದು ನೋಡಲಿ, ಗೊತ್ತಾಗುತ್ತದೆ.

"ಬನ್ನಿ ಮುತ್ತಕ್ಕ" ಎಂದರು ಟೀಚರ್. "ಚಿತ್ರವನ್ನು ನಿಜ ಮಾಡೋಣ."

ಜಲಜಾ ರಟ್ಟೆ ಹಿಡಿದು ಕರೆತಂದಳು. ಮುತ್ತಕ್ಕ ನನ್ನ ಮೇಲೆ ಕೂತರು. ಎಂಥ ಭಾರ ಅದು! ಮೈಯಲ್ಲ, ಮೈಯಲ್ಲಿ ಏನೂ ಇರಲಿಲ್ಲ. ಹೆದರಿಕೆಯೆಲ್ಲ ನನ್ನ ಮೇಲೆ ಬಂದು ಕೂತ ಹಾಗಿತ್ತು. ಶೀನ ತಾಂಡೇಲರು ದೂರದಿಂದ ಕೂಗಿದರು: "ಏ ಮುತ್ತಕ್ಕ, ಕೂಕಂಡ್ ಎಳುದ್ ಎಲ್ಲಿತ್ತಾ?"

"ಎಳುದ್ ನೀವ್ ಎಳಿನಿ. ನಾನ್ ಸುತ್ತ್ತೆ" ಎಂದರು ಮುತ್ತಕ್ಕ.

ಸುತ್ತಿದರು. ಅಂಗೈಯಲ್ಲಿ ಹಗ್ಗ ಹಿಡಿದು, ಸಾಲು ಸಡಿಲಿಸಿದಷ್ಟನ್ನೂ ತಮ್ಮತ್ತ ಎಳೆದುಕೊಂಡು, ಸುತ್ತಿನ ಮೇಲೆ ಸುತ್ತು ಇಟ್ಟರು. ಸಾಲು ಹಿಂದೆ ಬಂದಾಗ ಜಲಜಾ ಅವರನ್ನೂ ನನ್ನನ್ನೂ ಹಿಂದಕ್ಕೆ ಸರಿಸುವಳು. ಮತ್ತೆ ಸುತ್ತು. ಒಂದು ಸಲವೂ ಹಗ್ಗ ತೊಡಕಿಕೊಳ್ಳಲಿಲ್ಲ, ಒಬ್ಬರೂ ಕೈ ಬಿಟ್ಟು ಓಡಬೇಕಾಗಲಿಲ್ಲ. ನಿಧಾನಕ್ಕೆ, ಎಷ್ಟು ನಿಧಾನಕ್ಕೆ ಅಂತೀರಿ, ಮುತ್ತಕ್ಕ ನನ್ನ ನಡುವಿಗೆ ಜಾರಿದರು.

ಹೊತ್ತು ಮುಳುಗುವಾಗ ಬಲೆ ಬಂತು. ಮರಳೆಲ್ಲ ಕೆಂಪು, ಮೀನೂ ಕೆಂಪಾಗಿ ಕಾಣುತ್ತಿತ್ತು. ತಾಂಡೇಲರು ಪಾಲು ಹಾಕುತ್ತ ಬಂದರು. ದೋಣಿಗೆ, ಬಲೆಗೆ, ಒಬ್ಬೊಬ್ಬರಿಗೆ. ಮುತ್ತಕ್ಕನ ಮುಂದೆ ನಿಂತು ಒಮ್ಮೆ ಸುತ್ತಿಟ್ಟ ಹಗ್ಗವನ್ನು ನೋಡಿದರು. ಉಳಿದವರಿಗೆ ಹಾಕಿದಷ್ಟೇ ಬಂಗಡೆ, ಬೈಗೆ ಮೀನುಗಳ ಗುಪ್ಪೆ ಸುರಿದು ಮುಂದಕ್ಕೆ ಹೋದರು. ಮುತ್ತಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಟೀಚರ್ ಕೂಡ ಕೊಡೆ ಹುಡುಕುವ ನೆಪದಲ್ಲಿ ಆಚೆ ತಿರುಗಿದರು.

ಟೀಚರ್ ಸಂಜೆಯ ಬಸ್ಸಿಗೆ ಹೋದರು. ನಾನು ಹೋಗಲಿಲ್ಲ. "ಬಸ್ಸಲ್ಲಿ ನಂಗೆ ಸೀಟಿದೆ. ಇದು ನಿಮ್ಮ ಹತ್ತಿರವೇ ಇರಲಿ" ಎಂದು ನನ್ನ ಬೆನ್ನು ತಟ್ಟಿದರು. ಬೇಸರವಾಯಿತೇ ಅಂದರೆ, ಆಯಿತು. ಅವರು ಕೂತರೆ ನನಗೆ ಕನಸು ಬೀಳುತ್ತಿತ್ತು. ಆದರೆ ಅವರು ನನ್ನನ್ನು ಬಿಟ್ಟುಹೋದದ್ದು ಸರಿ ಅಂತಲೂ ಅವತ್ತೇ ಗೊತ್ತಿತ್ತು. ಆಮೇಲೂ ಒಮ್ಮೊಮ್ಮೆ ಬರುತ್ತಿದ್ದರು, ಗೂಟದ ಮೇಲೆ ಕೂತು ಬರೆಯುತ್ತಿದ್ದರು. ಜನರನ್ನು ಅವರಿದ್ದ ಜಾಗದಲ್ಲೇ ಬರೆಯುತ್ತಿದ್ದರಂತೆ. ಕರೆಂಟು ಕಂಬಗಳ ಸುದ್ದಿ ಗೊತ್ತಿಲ್ಲ.

ಹಾಗೆ ನಾನು ಕಡವಿನಕೋಡಿಯವನಾದೆ. ಮಳೆಗಾಲ ಕಳೆದು ಕಡಲು ತಣ್ಣಗಾದರೆ ಜಲಜಾ ನನ್ನನ್ನು ಹೆಗಲಿಗೆ ಹಾಕಿಕೊಂಡು, ಅತ್ತೆಯ ಕೈ ಹಿಡಿದು ಮರಳಿಗೆ ಬರುವಳು. ಉಪ್ಪುಗಾಳಿಗೆ ನನ್ನ ಬೋಲ್ಟು ತುಕ್ಕು ಹಿಡಿಯಿತು. ಟಾರ್ಪಾಲು ಹರಿದಾಗ ಮುತ್ತಕ್ಕ ಹಳೆಯ ಬಲೆಯ ನೂಲಿನಲ್ಲಿ ಹೊಲಿದರು. ಮೈಗೆ ಮೀನಿನ ವಾಸನೆ ಹತ್ತಿತು, ಈಗಲೂ ಹೋಗಿಲ್ಲ. ಮನೆಯಲ್ಲಿ ಮುತ್ತಕ್ಕ ತಮ್ಮ ಪಾಲಿನ ಮೀನು ತಾವೇ ಕೊಯ್ದು, ತಾವೇ ಸಾರು ಕಾಯಿಸಿ, ಎಲ್ಲರಿಗೂ ಬಡಿಸಿ ಆಮೇಲೆ ಉಣ್ಣುವರು. "ತಿನ್ನ್, ತಿನ್ನ್, ಇದ್ ನಾನ್ ದುಡ್ದದ್ದ್" ಎನ್ನುವರು ಸೊಸೆಗೆ. ಜಲಜಾ ಹುಸಿಕೋಪದಲ್ಲಿ "ಹೌದಪ್ಪಾ, ಕೇಂಡ್ ಕೇಂಡ್ ಸಾಕಾಯ್ತ್" ಎನ್ನುವಳು.

ವರ್ಷಗಳು ಹೋದವು. ಒಂದು ಚಳಿಗಾಲ ಮುತ್ತಕ್ಕ ಜ್ವರದಲ್ಲಿ ಮಲಗಿದರು. ಎದ್ದು ಕೂರುವ ಶಕ್ತಿಯೂ ಇರಲಿಲ್ಲ. ಜಲಜಾ ಬಂಗಡೆ ತಂದು ಸಾರು ಮಾಡಿದರೆ, "ಯಾರ್ ಕೊಟ್ಟದ್ದ್?" ಎಂದು ಕೇಳಿ ಬಟ್ಟಲು ಸರಿಸುವರು. ಗಂಜಿಯೂ ಸೇರದಾಯಿತು. ಒಂದು ಬೆಳಿಗ್ಗೆ ನನ್ನತ್ತ ಬೆರಳು ತೋರಿಸಿ, "ನಂಗ್ ಬಪ್ಪುಕ್ ಆತಿಲ್ಲೆ. ಅದಾರೂ ಹೋಯ್ಲಿ" ಎಂದರು.

ಜ್ವರದ ಮಾತು ಎಂದು ಜಲಜಾ ಬಿಡಬಹುದಿತ್ತು. ಬಿಡಲಿಲ್ಲ. ಒಬ್ಬಳೇ ನನ್ನನ್ನು ಹೊತ್ತು ಮರಳಿಗೆ ಬಂದು ಹಗ್ಗದ ಕಡೆಯಲ್ಲಿ ಇಟ್ಟಳು. "ಅತ್ತೆ ಕಳ್ಸಿದ್ರ್" ಎಂದಷ್ಟೇ ಹೇಳಿ ತಾನು ಸಾಲಿನಲ್ಲಿ ನಿಂತಳು. ಖಾಲಿ ಸ್ಟೂಲು ನೋಡಿ ಜನ ನಕ್ಕರು. ಶೀನ ತಾಂಡೇಲರು ನಗಲಿಲ್ಲ. ಬಂದು ನನ್ನ ಮೂರು ಕಾಲುಗಳನ್ನೂ ಮರಳಿನಲ್ಲಿ ಆಳಕ್ಕೆ ಒತ್ತಿದರು. ಹಗ್ಗದ ತುದಿಯನ್ನು ನನ್ನ ನಡುವಿಗೆ ಬಿಗಿದು ಕಟ್ಟಿದರು. "ಹೂಂ, ಎಳೀನಿ" ಎಂದರು.

ಅಂದು ಬಲೆಗೆ ದೊಡ್ಡ ಮೀನಿನ ಹಿಂಡು ಸಿಕ್ಕಿತ್ತು. ಹಗ್ಗ ಗಡಗಡ ನಡುಗುತ್ತಿತ್ತು. ಅಲೆ ಹಿಂದೆ ಸರಿದಾಗ ಬಲೆಯೂ ಸಮುದ್ರಕ್ಕೆ ವಾಲಿತು, ಮುಂದಿದ್ದವರು ಮುಗ್ಗರಿಸಿ ಹಿಂದಿನವರೂ ಸಾಲಾಗಿ ಬಿದ್ದರು, ಹಗ್ಗ ಎಲ್ಲರ ಕೈಯಿಂದ ಜಾರಿ ಅದರ ಸೆಳೆತವೆಲ್ಲ ನನ್ನ ಮೇಲೆ ಬಂತು. ಜೀವಮಾನವೆಲ್ಲ ಕೆಳಕ್ಕೆ ಒತ್ತುವವರನ್ನು ಕಂಡವನು ನಾನು. ಎಳೆಯುವವರನ್ನು ಕಂಡಿರಲಿಲ್ಲ. ಇಡೀ ಸಮುದ್ರವೇ ನನ್ನನ್ನು ಕರೆದಂತಿತ್ತು. ಮರಳಿನೊಳಗೆ ಕಾಲೂರಿ ನಿಂತೆ. ಬಿಡಲಾರೆ, ಬಿಡಲಾರೆ ಎಂದುಕೊಂಡೆ. ಜನ ಎದ್ದು ಮತ್ತೆ ಹಿಡಿಯುವ ತನಕ ತಡೆದೆ. ಆಗಲೇ ಚಟ್ಟನೆ ಸದ್ದಾಯಿತು. ನನ್ನ ಒಂದು ಕಾಲು ಸೀಳಿತ್ತು.

ಪಾಲು ಹಾಕುವಾಗ ತಾಂಡೇಲರು ನನ್ನ ಮುಂದೆಯೂ ಒಂದು ಗುಪ್ಪೆ ಸುರಿದರು. ಯಾರೋ ಹಿಂದಿನಿಂದ, "ಸ್ಟೂಲಿಗ್ ಎಂತಕ್ಕ್ ಪಾಲ್?" ಎಂದು ಗೊಣಗಿದರು.

ತಾಂಡೇಲರು ತಿರುಗಿ ಹೇಳಿದರು: "ಅದ್ ಕಾಲ್ ಮುರ್ಕಂಡಿತ್ತ್ ಕಾಣ್. ನಿನ್ ಕಾಲ್ ಮುರ್ದಿತ್ತಾ?"

ಜಲಜಾ ಆ ಗುಪ್ಪೆಯನ್ನು ಬುಟ್ಟಿಗೆ ತುಂಬಿಕೊಂಡಳು.

ಮನೆಗೆ ಬಂದಾಗ ಮುತ್ತಕ್ಕ ಕಣ್ಣು ಮುಚ್ಚಿಯೇ ಕೇಳಿದರು: "ಯಾರ್ ಕೊಟ್ಟದ್ದ್?"

"ಕೊಟ್ಟದ್ದಲ್ಲ ಅತ್ತೆ. ದುಡ್ದದ್ದ್" ಎಂದು ಜಲಜಾ ನನ್ನನ್ನು ಅವರ ಚಾಪೆಯ ಹತ್ತಿರ ತಂದಿಟ್ಟಳು. ಮುತ್ತಕ್ಕ ಕಣ್ಣು ಬಿಟ್ಟರು. ಕೈ ಚಾಚಿ ನನ್ನ ಸೀಳಿದ ಕಾಲನ್ನು ಮೇಲಿನಿಂದ ಕೆಳಗಿನವರೆಗೆ ಮುಟ್ಟಿ ನೋಡಿದರು. ಸೀಳಿನೊಳಗೆ ಸಿಕ್ಕ ಮರಳನ್ನು ಉಗುರಲ್ಲಿ ಕೆರೆದು ತೆಗೆದರು. ಆಮೇಲೆ ಹಲ್ಲಿಲ್ಲದ ಬಾಯಲ್ಲಿ ನಕ್ಕರು. "ಸಾರ್ ಕಾಯ್ಸ್, ಹಂಗಾರ್. ಖಾರ ಇರ್ಲಿ" ಎಂದರು.

ಆ ರಾತ್ರಿ ಅವರು ಸಾರು ಸುರಿದುಕೊಂಡು ಅನ್ನ ಉಂಡರು. ಎಷ್ಟೋ ದಿನಗಳ ಮೇಲೆ ಉಂಡದ್ದು. ಬಂಗಡೆಯ ಮುಳ್ಳನ್ನು ಒಂದೊಂದಾಗಿ ಬಿಡಿಸಿ ಬಟ್ಟಲಿನ ಅಂಚಿಗೆ ಇಟ್ಟರು. ಬೆರಳು ಚೀಪಿದರು. ಜಲಜಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಅಳುತ್ತಿದ್ದಳು, ನಗುತ್ತಲೂ ಇದ್ದಳು. ಮುಂದಿನ ವಾರ ಮುತ್ತಕ್ಕ ತೀರಿಹೋದರು.

ಈಗ ನಾನು ಬಲೆಯ ಶೆಡ್ಡಿನ ಮೂಲೆಯಲ್ಲಿದ್ದೇನೆ. ನನ್ನ ಮೇಲೆ ಯಾರೂ ಕೂರುವುದಿಲ್ಲ, ಕೂತರೆ ಬೀಳುತ್ತಾರೆ. ಹಗಲು ತೂಕಡಿಸುತ್ತೇನೆ, ಕನಸಲ್ಲಿ ಕಡಲು ಬಂದುಹೋಗುತ್ತದೆ. ಕಡೆಯ ಹಗ್ಗವನ್ನು ಈಗ ಜಲಜಾ ಸುತ್ತುತ್ತಾಳೆ, ನಿಂತುಕೊಂಡೇ. ಮುಂದೊಂದು ದಿನ ನನ್ನನ್ನು ಒಲೆಗೆ ಹಾಕಿದರೂ ಹಾಕಲಿ, ನನಗೆ ದುಃಖವಿಲ್ಲ. ಒಂದು ದಿನ ನನಗೂ ಪಾಲು ಬಂದಿತ್ತು. ನಾನು ದುಡಿದೆ, ಮುತ್ತಕ್ಕ ಉಂಡರು.